ಇಗರ್ಜಿ ಶಾಲೆ ಮನೆಬಾಗಿಲಿಗೆ ಬಂದ ವರ್ಷಗಳು

ಮಂಗಳೂರು, ಉಡುಪಿ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಇಗರ್ಜಿಗೂ ಶಾಲೆಗೂ ಒಂದೇ ಅಂಗಳ. ಬೆಳಗಿನ ಪೂಜೆ ಮುಗಿಸಿ ಹೊರಟ ಹಿರಿಯರು, ಚೀಲ ಹೊತ್ತು ಒಳಗೆ ಬರುವ ಮಕ್ಕಳು ಅದೇ ಗೇಟಿನಲ್ಲಿ ಎದುರಾಗುತ್ತಾರೆ. ಶಾಲೆಯ ಸಂಚಾಲಕರು ಇಗರ್ಜಿಯ ಧರ್ಮಗುರುಗಳೇ. ಆದರೆ ಬೆಂಚಿನ ಮೇಲೆ ಕೂತವರಲ್ಲಿ ಕ್ರೈಸ್ತರಿಗಿಂತ ಬಿಲ್ಲವರ, ಬಂಟರ, ಬ್ಯಾರಿಗಳ, ಕುಲಾಲರ ಮನೆಯ ಮಕ್ಕಳೇ ಹೆಚ್ಚಿರುವ ಶಾಲೆಗಳು ಬಹಳ. ಮನೆಯಲ್ಲಿ ಕೊಂಕಣಿ, ತುಳು, ಬ್ಯಾರಿ ಮಾತಾಡುವ ಇವರೆಲ್ಲ ಇಲ್ಲಿಗೆ ಬಂದು ಕನ್ನಡದಲ್ಲಿ ಅಕ್ಷರ ಕಲಿಯುತ್ತಾರೆ. 1870ರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಧರ್ಮಭಗಿನಿಯರು ಮಂಗಳೂರಿಗೆ ಬಂದರು. 1880ರಲ್ಲಿ ಜೆಸ್ವಿತರು ಸಂತ ಅಲೋಶಿಯಸ್ ಕಾಲೇಜು ತೆರೆದರು, 1921ರಲ್ಲಿ ಬೆಥನಿ ಸಂಸ್ಥೆ ಹುಟ್ಟಿತು. ಪೇಟೆಯಲ್ಲಿ ಬೇರೂರಿದ ಆ ಕೆಲಸ ಹಳ್ಳಿಹಳ್ಳಿಗೆ ಹಬ್ಬಿದ್ದು ಇಂಥ ಸಣ್ಣ ಶಾಲೆಗಳ ಮೂಲಕ.

2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದಾಗಿ ಆ ಗೇಟಿಗೆ ಬೀಗ ಬಿತ್ತು. ಎಸೆಸೆಲ್ಸಿ ಪರೀಕ್ಷೆ ಶುರುವಾಗಬೇಕಿದ್ದುದು ಮಾರ್ಚ್ 27ಕ್ಕೆ. ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಮನೆಯೊಳಗೆ ಸೇರಿತು. ಏಪ್ರಿಲ್ 12ರ ಈಸ್ಟರ್ ಹಬ್ಬದ ಪೂಜೆಯನ್ನೂ ಜನ ಮೊಬೈಲಿನಲ್ಲಿ ನೋಡಿದರು.

ಆ ಕಾಲದ ಬಗ್ಗೆ ಮಾತು ಬಂದಾಗಲೆಲ್ಲ ಆನ್‌ಲೈನ್ ತರಗತಿ, ಆ್ಯಪ್, ನೆಟ್‌ವರ್ಕ್ ಇಷ್ಟರಲ್ಲೇ ಮುಗಿದುಬಿಡುತ್ತದೆ. ನಮ್ಮ ಊರಿನಲ್ಲಿ, ಅಕ್ಕಪಕ್ಕದ ಊರುಗಳಲ್ಲಿ ನಾನು ಕಂಡದ್ದನ್ನು ಹೇಳುವುದಾದರೆ, ಶಾಲೆಯನ್ನು ಹಿಡಿದು ನಿಲ್ಲಿಸಿದವರು ಮನೆಮನೆಯ ಪರಿಚಯವಿದ್ದ ಟೀಚರ್‌ಗಳು ಮತ್ತು ವಾಳೆಯ ಗುರಿಕಾರರು. ಹೊರಗಿನವರಿಗಾಗಿ ಒಂದು ಮಾತು: ಪ್ರತಿ ಇಗರ್ಜಿಯ ವ್ಯಾಪ್ತಿಯನ್ನು ಹತ್ತಾರು ಮನೆಗಳ ವಾಳೆಗಳಾಗಿ ಹಂಚಿರುತ್ತಾರೆ, ಒಂದೊಂದು ವಾಳೆಗೆ ಒಬ್ಬ ಗುರಿಕಾರ. ಯಾರ ಮನೆಯಲ್ಲಿ ಕಾಯಿಲೆ, ಯಾರಿಗೆ ಕೆಲಸ ಹೋಗಿದೆ, ಯಾರ ಮಗಳ ಮದುವೆ ಮುಂದಕ್ಕೆ ಹೋಗಿದೆ ಎಲ್ಲ ಅವರಿಗೆ ಗೊತ್ತು. ಲಾಕ್‌ಡೌನ್‌ನ ಮೊದಲ ವಾರಗಳಲ್ಲಿ ಅಕ್ಕಿ, ಬೇಳೆ, ಎಣ್ಣೆಯ ಕಿಟ್ ಯಾವ ಮನೆಗೆ ಹೋಗಬೇಕು ಎಂಬ ಪಟ್ಟಿ ಆದದ್ದು ಅವರ ಬಾಯಿಂದ. ನಮ್ಮ ಕಡೆ ಅದೇ ಪಟ್ಟಿ ಶಾಲೆಗೂ ಒದಗಿತು. ಅದರಲ್ಲಿದ್ದದ್ದು ಬೀಡಿ ಡಿಪೊ ಮುಚ್ಚಿ ಕೈ ಖಾಲಿಯಾದ ತಾಯಂದಿರು, ದೋಣಿ ಇಳಿಯದೆ ಮನೆಯಲ್ಲಿ ಕೂತ ಅಪ್ಪಂದಿರು, ಸಂಬಳ ನಿಂತ ಗಲ್ಫ್ ಮನೆಗಳು. ದುಬೈಯಿಂದ ಊರಿನವರನ್ನು ಹೊತ್ತ ಮೊದಲ ವಿಮಾನ ಮಂಗಳೂರಿಗೆ ಇಳಿದದ್ದು ಮೇ 12ರಂದು. ತಿಂಗಳು ತಿಂಗಳು ಹಣ ಕಳಿಸುತ್ತಿದ್ದವರೇ ಬರಿಗೈಯಲ್ಲಿ ಬಂದು ಕ್ವಾರಂಟೈನ್‌ಗೆ ಹೋದರು. ವಾಳೆಗಳು ಕ್ರೈಸ್ತ ಮನೆಗಳಿಗೆ ಸೇರಿದವು, ನಿಜ. ಆದರೆ ಶಾಲೆಯ ಹಾಜರಿ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಕಿಟ್ ಹಂಚಿದಲ್ಲಿ ಜಾತಿ ಕೇಳುವ ಪ್ರಶ್ನೆಯೇ ಬರಲಿಲ್ಲ.

ಪಾಠದ ವಿಷಯಕ್ಕೆ ಬಂದರೆ, 2020ರ ಜೂನ್‌ನಲ್ಲಿ ಏನು ಮಾಡಬಹುದು, ಏನು ಮಾಡಬಾರದು ಎಂಬುದೇ ಸ್ಪಷ್ಟವಿರಲಿಲ್ಲ. ಚಿಕ್ಕ ಮಕ್ಕಳಿಗೆ ಆನ್‌ಲೈನ್ ತರಗತಿ ಬೇಡವೆಂದು ರಾಜ್ಯ ಸರ್ಕಾರ ಹೇಳಿತು. ಜುಲೈ 8ರಂದು ಹೈಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು. ಚಂದನ ವಾಹಿನಿಯಲ್ಲಿ ಸೇತುಬಂಧ ಪಾಠಗಳು ಬಂದವು. ಆಗಸ್ಟ್‌ನಲ್ಲಿ ಶುರುವಾದ ಸರ್ಕಾರದ ವಿದ್ಯಾಗಮ ಕಾರ್ಯಕ್ರಮವನ್ನು ಅಕ್ಟೋಬರ್‌ನಲ್ಲಿ ನಿಲ್ಲಿಸಿದರು. ಪೇಟೆಯ ದೊಡ್ಡ ಇಂಗ್ಲಿಷ್ ಮಾಧ್ಯಮ ಶಾಲೆಗಳು ಅಷ್ಟರಲ್ಲಿ ವೇಳಾಪಟ್ಟಿ ಹಾಕಿ ಗೂಗಲ್ ಮೀಟ್‌ನಲ್ಲಿ ತರಗತಿ ನಡೆಸುತ್ತಿದ್ದವು. ಹಳ್ಳಿಯ ಕನ್ನಡ ಮಾಧ್ಯಮ ಶಾಲೆಗೆ ಸಿಕ್ಕಿದ್ದು ವಾಟ್ಸ್‌ಆ್ಯಪ್ ಗುಂಪು, ಅಷ್ಟೇ.

ಆ ಗುಂಪು ಹಗಲು ಮೌನ. ಮನೆಗೊಂದು ಸ್ಮಾರ್ಟ್‌ಫೋನ್, ಅದೂ ಅಪ್ಪನ ಜೇಬಿನಲ್ಲಿ. ಅವರು ಗಾರೆ ಕೆಲಸದಿಂದಲೋ ಅಡಿಕೆ ತೋಟದಿಂದಲೋ ಮನೆ ಸೇರಿದ ಮೇಲೆ, ರಾತ್ರಿ ಎಂಟರ ನಂತರ ಒಂದೊಂದೇ ಫೋಟೊ ಬರಲು ಶುರು. ನಾಲ್ಕನೇ ತರಗತಿಯ ಟೀಚರೊಬ್ಬರು ಉತ್ತರಿಸುವುದನ್ನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಲೈಟಿನ ನೆರಳು ಬಿದ್ದ ಕಾಪಿ ಪುಸ್ತಕ, ಅರ್ಧ ಪುಟ ಫೋಟೊದಿಂದ ಆಚೆ, ಗುಣಾಕಾರದ ಲೆಕ್ಕದಲ್ಲಿ ದಶಕ ಏರಿಸುವುದನ್ನು ಹುಡುಗ ಮರೆತಿದ್ದಾನೆ. ಟೀಚರ್ ಬೆರಳಿನಿಂದ ಪರದೆಯ ಮೇಲೆ ಕೆಂಪು ವೃತ್ತ ಹಾಕಿದರು, ಮತ್ತೆ ಧ್ವನಿ ಸಂದೇಶ ಕಳಿಸಿದರು. ಮೊದಲ ಮಾತು ತುಳುವಿನಲ್ಲಿ, ಊಟ ಆಯಿತಾ ಮಗಾ ಎಂದು. ಲೆಕ್ಕ ಕನ್ನಡದಲ್ಲಿ. ಆ ಹುಡುಗನ ತಾಯಿ ಅದೇ ಗುಂಪಿನಲ್ಲಿ ಕೇಳಿದರು: ‘ಟೀಚರೇ, ನಾಳೆ ಇವರು ಕೆಲಸಕ್ಕೆ ಸುಳ್ಯಕ್ಕೆ ಹೋಗ್ತಾರೆ, ಫೋನ್ ಎರಡು ದಿನ ಇರುದಿಲ್ಲ, ಏನು ಮಾಡುದು?’ ಟೀಚರ್ ಹೇಳಿದರು: ‘ನೀವು ತಲೆಬಿಸಿ ಮಾಡ್ಬೇಡಿ ಅಕ್ಕ, ಹಾಲಿನ ಸೊಸೈಟಿಯಲ್ಲಿ ಇಟ್ಟಿರ್ತೇನೆ.’

ಹಾಲಿನ ಸೊಸೈಟಿ, ರೇಷನ್ ಅಂಗಡಿ, ಇಗರ್ಜಿಯ ಕಚೇರಿಯ ಜಗಲಿ, ಇವೇ ಆ ವರ್ಷದ ತರಗತಿಗಳು. ಟೀಚರ್‌ಗಳು ಪಾಠದ ಹಾಳೆಗಳನ್ನು ಕೈಯಲ್ಲೇ ಬರೆದು ಝೆರಾಕ್ಸ್ ಮಾಡಿಸಿ, ಮಗುವಿನ ಹೆಸರು ಬರೆದ ಲಕೋಟೆಯಲ್ಲಿ ಹಾಕಿಡುತ್ತಿದ್ದರು. ಬೆಳಿಗ್ಗೆ ಹಾಲು ಹಾಕಲು ಬಂದವರು ಮುಗಿಸಿದ ಲಕೋಟೆ ಕೊಟ್ಟು ಹೊಸದನ್ನು ಒಯ್ಯುತ್ತಿದ್ದರು. ಲಕೋಟೆ ಎರಡು ಸಲ ಹಾಗೇ ಉಳಿದರೆ ಟೀಚರ್ ಸ್ಕೂಟರ್ ಹತ್ತಿ ಆ ಮನೆಗೆ ಹೊರಡುತ್ತಿದ್ದರು. ಮಧ್ಯಾಹ್ನದ ಊಟದ ಬದಲು ಬಂದ ಅಕ್ಕಿ, ಬೇಳೆ ಒಯ್ಯಲು ಪೋಷಕರು ಶಾಲೆಗೆ ಬಂದ ದಿನವೂ ವ್ಯರ್ಥವಾಗಲಿಲ್ಲ. ಸಾಲಿನಲ್ಲಿ ನಿಂತವರ ಹತ್ತಿರ ಮಗು ಓದುತ್ತಿದೆಯಾ, ಆಟದಲ್ಲೇ ಇದೆಯಾ, ತೋಟದ ಕೆಲಸಕ್ಕೆ ಕಳಿಸುತ್ತಿದ್ದೀರಾ ಎಂದು ಒಬ್ಬೊಬ್ಬರನ್ನೇ ಕೇಳಿದರು.

ಗುಡ್ಡದ ಊರುಗಳ ಕಷ್ಟ ಬೇರೆಯೇ. ಕರೆಂಟು ಹೋದರೆ ಟವರ್ ಸತ್ತಿತೆಂದೇ ಲೆಕ್ಕ. 2021ರ ಜೂನ್‌ನ ಮಳೆಯಲ್ಲಿ ಸುಳ್ಯ ತಾಲ್ಲೂಕಿನ ರಸ್ತೆಬದಿ ಕೂತು ಪಾಠ ಕೇಳುವ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಚಿತ್ರವನ್ನು ದೇಶವೇ ನೋಡಿತು. ಮೆಚ್ಚಿದವರು ಬಹಳ. ನನಗೆ ಅದನ್ನು ಕಂಡಾಗ ಬಂದದ್ದು ಸಿಟ್ಟು. ಮೊದಲ ಮಳೆಗಾಲದಲ್ಲೇ ಗೊತ್ತಾಗಿದ್ದ ಸಂಗತಿಗೆ ಎರಡನೇ ಮಳೆಗಾಲದಲ್ಲೂ ಪರಿಹಾರ ಇರಲಿಲ್ಲ.

ಇನ್ನು ಹಣದ ವಿಷಯ. ಇದನ್ನು ಹೇಳದೆ ಈ ಶಾಲೆಗಳ ಕಥೆ ಪೂರ್ತಿಯಾಗುವುದಿಲ್ಲ. ಅನುದಾನಿತ ಶಾಲೆ ಎಂದ ಕೂಡಲೇ ಎಲ್ಲರಿಗೂ ಸರ್ಕಾರವೇ ಸಂಬಳ ಕೊಡುತ್ತದೆಂದು ಜನ ತಿಳಿಯುತ್ತಾರೆ. ನಿವೃತ್ತರಾದವರ ಜಾಗ ವರ್ಷಗಟ್ಟಲೆ ತುಂಬದ ಕಡೆ ಮೂವರು ಸರ್ಕಾರಿ ಸಂಬಳದವರಾದರೆ ನಾಲ್ವರು ಗೌರವ ಶಿಕ್ಷಕಿಯರು. ಅವರಿಗೆ ಆಡಳಿತ ಮಂಡಳಿ ಕೊಡುವ ಹಣ ಬರುವುದು ಇಗರ್ಜಿಯ ಕಾಣಿಕೆಯಿಂದ, ವಾರ್ಷಿಕ ಹಬ್ಬದ ಸಂಗ್ರಹದಿಂದ, ಮುಂಬೈ ಮತ್ತು ಗಲ್ಫ್‌ನ ಹಳೆ ವಿದ್ಯಾರ್ಥಿಗಳಿಂದ. ಪೂಜೆ ಇಲ್ಲ, ಕಾಣಿಕೆ ಇಲ್ಲ. ಹಬ್ಬ ಇಲ್ಲ, ಸಂಗ್ರಹ ಇಲ್ಲ. ಗಲ್ಫ್‌ನವರೇ ಊರಿಗೆ ಬಂದಾಗಿದೆ. ಮೂರು ಮೂಲಗಳೂ ಒಂದೇ ಬೇಸಿಗೆಯಲ್ಲಿ ಬತ್ತಿದವು. ಅನುದಾನವೇ ಇಲ್ಲದ ಇಂಗ್ಲಿಷ್ ಮಾಧ್ಯಮ ಶಾಲೆಗಳಲ್ಲಿ ಶುಲ್ಕವೇ ಸಂಬಳ. ಬೋಧನಾ ಶುಲ್ಕದ ಶೇಕಡಾ 70ರಷ್ಟನ್ನು ಮಾತ್ರ ಪಡೆಯಬೇಕೆಂದು 2021ರ ಜನವರಿಯಲ್ಲಿ ಸರ್ಕಾರ ಹೇಳಿತು, ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಅದನ್ನು 85ಕ್ಕೆ ಏರಿಸಿತು. ಎರಡೂ ಕಡೆ ನ್ಯಾಯ ಇತ್ತು: ದುಡಿಮೆ ಇಲ್ಲದ ಪೋಷಕರು ಎಲ್ಲಿಂದ ತರಬೇಕು, ಅವರು ಕೊಡದಿದ್ದರೆ ಟೀಚರ್ ಮನೆಯಲ್ಲಿ ಒಲೆ ಹೇಗೆ ಉರಿಯಬೇಕು? ಅರ್ಧ ಸಂಬಳಕ್ಕೆ ಪೂರ್ತಿ ಕೆಲಸ ಮಾಡಿದವರು, ಸಂಜೆ ಮಲ್ಲಿಗೆ ಕಟ್ಟಿ, ಹಪ್ಪಳ ಒತ್ತಿ ಮಾರಿದವರು ನನಗೆ ಗೊತ್ತು. ಅನುದಾನರಹಿತ ಶಾಲೆಯ ಶಿಕ್ಷಕರಿಗೆ 2021ರ ಜೂನ್‌ನಲ್ಲಿ ಸರ್ಕಾರ ಘೋಷಿಸಿದ್ದು ತಲಾ 5,000 ರೂಪಾಯಿ, ಒಂದು ಸಲಕ್ಕೆ.

ಕೆಲವು ಕಡೆ ಸರ್ಕಾರಿ ಸಂಬಳ ಇದ್ದವರು ತಮ್ಮದರಲ್ಲೇ ಸ್ವಲ್ಪ ತೆಗೆದು ಗೌರವ ಶಿಕ್ಷಕಿಯರಿಗೆ ಕೊಟ್ಟರು. ಅದಕ್ಕೆ ರಸೀದಿ ಇಲ್ಲ, ವರದಿ ಇಲ್ಲ. ಸ್ಟಾಫ್ ರೂಮಿನ ಒಳಗೇ ಆಗಿ ಮುಗಿದ ಈ ಕೆಲಸಕ್ಕೆ ನಾನು ಕೈಮುಗಿಯುತ್ತೇನೆ.

2021ರಲ್ಲಿ ಕೋವಿಡ್‌ನ ಎರಡನೇ ಅಲೆ ಬಂದಾಗ ಟೀಚರ್‌ಗಳ ಫೋನು ಬೇರೆ ಕೆಲಸಕ್ಕೆ ತಿರುಗಿತು. ಯಾವ ಮನೆಯಲ್ಲಿ ಜ್ವರ, ಯಾರಿಗೆ ಬೆಡ್ ಬೇಕು, ಯಾರು ತೀರಿಕೊಂಡರು. ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ ತಿಂಗಳಿಗೆ 3,500 ರೂಪಾಯಿಯ ಬಾಲ ಸೇವಾ ಯೋಜನೆಯನ್ನು ಸರ್ಕಾರ ಆ ಮೇ ತಿಂಗಳಲ್ಲೇ ಪ್ರಕಟಿಸಿತು. ಒಬ್ಬರನ್ನು ಕಳೆದುಕೊಂಡ ಮಕ್ಕಳು ಅದಕ್ಕಿಂತ ಎಷ್ಟೋ ಹೆಚ್ಚು. ಅವರ ಶುಲ್ಕ ಬಿಟ್ಟುಕೊಟ್ಟ ಶಾಲೆಗಳಿವೆ. ಅದಕ್ಕಿಂತ ದೊಡ್ಡದೆಂದರೆ, ಅಪ್ಪನನ್ನು ಕಳೆದುಕೊಂಡ ಹುಡುಗಿಗೆ ದಿನಾ ಸಂಜೆ ಫೋನ್ ಮಾಡಿ ಪಾಠದ ಸುದ್ದಿಯೇ ಎತ್ತದೆ ಮಾತಾಡಿದ ಸಿಸ್ಟರ್. ಧರ್ಮಭಗಿನಿಯರ ಶಾಲೆ ಎಂದರೆ ಏನೆಂದು ಕೇಳುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಇಷ್ಟೆಲ್ಲ ಮಾಡಿದರೂ ಕಲಿಕೆ ಸೋರಿಹೋಯಿತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕರ್ನಾಟಕವೂ ಸೇರಿ ಐದು ರಾಜ್ಯಗಳ ಸರ್ಕಾರಿ ಶಾಲೆಗಳಲ್ಲಿ 16,067 ಮಕ್ಕಳನ್ನು ಪರೀಕ್ಷಿಸಿ 2021ರಲ್ಲಿ ವರದಿ ಕೊಟ್ಟಿತು. ಹಿಂದೆ ಗೊತ್ತಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಒಂದನ್ನಾದರೂ ಮರೆತವರು ಶೇಕಡಾ 92, ಗಣಿತದಲ್ಲಿ 82. ನಮ್ಮ ಶಾಲೆಗಳು ಆ ಪಟ್ಟಿಯಲ್ಲಿರಲಿಲ್ಲ, ಆದರೆ ಅಕ್ಟೋಬರ್ 25ರಂದು ಒಂದರಿಂದ ಐದನೇ ತರಗತಿಗೆ ಬಾಗಿಲು ತೆರೆದಾಗ ಟೀಚರ್‌ಗಳು ಕಂಡದ್ದೂ ಇದನ್ನೇ. ಎರಡನೇ ತರಗತಿಯ ಮಕ್ಕಳು ಬಂದು ಕೂತರು, ಬೆಂಚು ಅವರಿಗೆ ಹೊಸದು. ಬೆಲ್ ಹೊಡೆದರೆ ಏನು ಮಾಡಬೇಕೆಂದು ಗೊತ್ತಿಲ್ಲ. ಒಂದನೇ ತರಗತಿಯೆಂಬುದು ಅವರ ಪಾಲಿಗೆ ಆಗಿಯೇ ಇರಲಿಲ್ಲ.

ಆ ಮಕ್ಕಳು ಎಸೆಸೆಲ್ಸಿ ಬರೆಯುವುದು 2030ರಲ್ಲಿ. ಒತ್ತಕ್ಷರದಲ್ಲಿ, ಭಾಗಾಕಾರದಲ್ಲಿ ಅವರಿಗೆ ಉಳಿದ ಬಿರುಕುಗಳನ್ನು ಗುರುತು ಹಿಡಿಯಬಲ್ಲವರು ಅವರನ್ನು ಮನೆಯಿಂದಲೇ ಬಲ್ಲ ಟೀಚರ್‌ಗಳು. ಆ ಟೀಚರ್‌ಗಳಲ್ಲಿ ಹಲವರು ಗೌರವ ಶಿಕ್ಷಕಿಯರಾಗಿಯೇ ಉಳಿದಿದ್ದಾರೆ, ಸ್ವಲ್ಪ ಹೆಚ್ಚು ಸಂಬಳ ಸಿಕ್ಕಲ್ಲಿಗೆ ಕೆಲವರು ಹೋಗಿಯೂ ಆಯಿತು. ಖಾಲಿ ಹುದ್ದೆ ತುಂಬುವುದು ಸರ್ಕಾರದ ಕೆಲಸ. ತುಂಬುವವರೆಗೆ ಇವರಿಗೆ ಬದುಕುವಷ್ಟು ಸಂಬಳ ಕೊಡುವುದು ಧರ್ಮಪ್ರಾಂತ್ಯದ, ಇಗರ್ಜಿಗಳ ಪಾಲನಾ ಮಂಡಳಿಗಳ, ಈ ಶಾಲೆಗಳಲ್ಲಿ ಕಲಿತು ಊರು ಬಿಟ್ಟ ನಮ್ಮೆಲ್ಲರ ಕೆಲಸ. ಇಗರ್ಜಿಯ ಹೊಸ ಕಟ್ಟಡಕ್ಕೆ, ಶಾಲೆಯ ಶತಮಾನೋತ್ಸವದ ಮಂಟಪಕ್ಕೆ ಹಣ ಹೊಂದಿಸಲು ಬಲ್ಲವರಿಗೆ ಇದೂ ಆಗದ ಮಾತಲ್ಲ. ಮುಂದಿನ ಪಾಲನಾ ಮಂಡಳಿಯ ಸಭೆಯಲ್ಲಿ ಆ ಲೆಕ್ಕ ಮೊದಲು ಎತ್ತಿ.