ಗಡಿ ದಾಟಿದ ಪಡಿತರ ಚೀಟಿ

ಅಷ್ಟವಿನಾಯಕ ಯಾತ್ರೆ ಮಾಡಿದ ನಮ್ಮ ಓದುಗರಿಗೆ ರಾಂಜಣಗಾಂವ ಹೊಸದಲ್ಲ. ಪುಣೆಯಿಂದ ನಗರ ರಸ್ತೆಯಲ್ಲಿ ಸುಮಾರು 50 ಕಿ.ಮೀ. ದೂರ, ಶಿರೂರು ತಾಲೂಕು. ಮಹಾಗಣಪತಿಯ ದರ್ಶನ ಮುಗಿಸಿ ಬಸ್ಸು ಹತ್ತುವ ನಾವು ಅಲ್ಲಿಯ ಎಂ.ಐ.ಡಿ.ಸಿ.ಯನ್ನು ಕಿಟಕಿಯಿಂದ ನೋಡುವುದೇ ಹೆಚ್ಚು. ಕಾರು, ಫ್ರಿಜ್, ಟಿ.ವಿ. ತಯಾರಾಗುವ ಜಾಗ ಅದು. ಕಾಗದದ ಮೇಲೆ ಇನ್ನೂ ಗ್ರಾಮ ಪಂಚಾಯತಿ. ಖರ್ಚು ಮಾತ್ರ ಪಟ್ಟಣದ್ದು.

ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ದುಡಿಮೆ ಹುಡುಕಿಕೊಂಡು ಪುಣೆಯ ಸೀಮೆಗೆ ಬರುವುದು ಬಹಳ ಹಳೆಯ ರೂಢಿ. ಗುತ್ತಿಗೆಯ ಕೆಲಸಗಾರನ ಲೆಕ್ಕ ನೋಡಿ. ಖೋಲಿಯ ಬಾಡಿಗೆ ತಪ್ಪಿಸುವಂತಿಲ್ಲ, ಊರಿಗೆ ಹಣ ಕಳಿಸುವುದು ನಿಲ್ಲಿಸುವಂತಿಲ್ಲ. ಕೈ ಹಿಡಿಯಬಹುದಾದದ್ದು ಒಂದೇ, ಊಟ. ಮೊದಲು ಹಾಲು ಹೋಗುತ್ತದೆ, ಆಮೇಲೆ ಕಾಯಿಪಲ್ಲೆ, ಕೊನೆಗೆ ಬೇಳೆ ನೀರಾಗುತ್ತದೆ. ಹೊಟ್ಟೆ ತುಂಬಿದಂತಾಗುತ್ತದೆ, ಮೈಗೆ ಹತ್ತುವುದಿಲ್ಲ. ಇದನ್ನು ಹಸಿವು ಎಂದು ಯಾರೂ ಬರೆದುಕೊಳ್ಳುವುದಿಲ್ಲ.

ಇವರಲ್ಲಿ ಅನೇಕರಿಗೆ ಊರಿನಲ್ಲಿ ಪಡಿತರ ಚೀಟಿ ಇರುತ್ತದೆ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೋ ಧಾನ್ಯ. 2023ರ ಜನವರಿಯಿಂದ ಅದು ಪುಕ್ಕಟೆ. ಮೊದಲು ಈ ಹಕ್ಕು ಊರಿನ ಅಂಗಡಿಗೇ ಕಟ್ಟಿಹಾಕಿದಂತಿತ್ತು. ‘ಒಂದು ದೇಶ ಒಂದು ಪಡಿತರ ಚೀಟಿ’ ಯೋಜನೆಯಲ್ಲಿ 2020ರ ಜನವರಿಯಿಂದ ಕರ್ನಾಟಕ, ಮಹಾರಾಷ್ಟ್ರ ಎರಡೂ ಸೇರಿವೆ. ಎಲ್ಲ ರಾಜ್ಯಗಳೂ ಇದನ್ನು ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟು 2021ರ ಜೂನ್ 29ರಂದು ಆಜ್ಞೆ ಮಾಡಿತು. ಆ ಹಿಂದಿನ ವರ್ಷ ಲಾಕ್‌ಡೌನ್‌ನಲ್ಲಿ ಗಂಟುಮೂಟೆ ಹೊತ್ತು ಹೆದ್ದಾರಿಯಲ್ಲಿ ನಡೆದವರನ್ನು ನಾವೆಲ್ಲ ಕಂಡಿದ್ದೆವಲ್ಲ.

ಒಂದು ಅನುಕೂಲ ಬಹಳ ಜನರಿಗೆ ತಿಳಿದಿಲ್ಲ. ಇಡೀ ಕುಟುಂಬದ ಪಾಲನ್ನು ಒಂದೇ ಕಡೆ ಎತ್ತಬೇಕೆಂದಿಲ್ಲ. ಐದು ಜನರ ಚೀಟಿಯಾದರೆ ದುಡಿಯಲು ಬಂದ ಇಬ್ಬರು ಇಲ್ಲಿ 10 ಕಿಲೋ ಪಡೆದು, ಉಳಿದ 15 ಕಿಲೋವನ್ನು ಮನೆಯವರು ಊರಿನಲ್ಲೇ ಪಡೆಯಬಹುದು. ತೊಡಕುಗಳೂ ಉಂಟು. ಆಧಾರ್ ಜೋಡಣೆ ಆಗಿರಬೇಕು. ಸಿಮೆಂಟು, ಕಬ್ಬಿಣ ಹಿಡಿದು ಸವೆದ ಬೆರಳನ್ನು ಯಂತ್ರ ಎಷ್ಟೋ ಸಲ ಗುರುತಿಸುವುದಿಲ್ಲ. ಅನ್ನಭಾಗ್ಯದಲ್ಲಿ ಕರ್ನಾಟಕ ಸರಕಾರ ತನ್ನ ಕಡೆಯಿಂದ ಸೇರಿಸುವ ಪಾಲು ಗಡಿ ದಾಟುವುದಿಲ್ಲ. ಚೀಟಿಯೇ ಇಲ್ಲದವರ ಪಾಡು ಬೇರೆ. ಫಲಾನುಭವಿಗಳ ಮಿತಿ ಇನ್ನೂ 2011ರ ಜನಗಣತಿಯ ಮೇಲೇ ನಿಂತಿದೆ.

ಬೇಯಿಸಿದ ಅನ್ನದ ದಾರಿಯೂ ಒಂದಿದೆ. ಪುಣೆಯಲ್ಲಿ ಬಾಬಾ ಆಢಾವರ ಹಮಾಲ ಪಂಚಾಯತ 1974ರಲ್ಲೇ ‘ಕಷ್ಟಾಚೀ ಭಾಕರ್’ ಆರಂಭಿಸಿ, ಲಾಭವಿಲ್ಲದೆ ದುಡಿಯುವವರಿಗೆ ಊಟ ಹಾಕಿತು. ಮಹಾರಾಷ್ಟ್ರ ಸರಕಾರ 2020ರ ಜನವರಿ 26ರಂದು 10 ರೂಪಾಯಿಯ ಶಿವಭೋಜನ ಥಾಳಿ ತಂದಿತು. ಒಳ್ಳೆಯ ಕೆಲಸವೇ. ಆದರೆ ಆರಂಭದಲ್ಲಿ ಅದರ ವೇಳೆ ಮಧ್ಯಾಹ್ನ 12ರಿಂದ 2 ಎಂದಿತ್ತು. ಆ ಹೊತ್ತಿಗೆ ಪಾಳಿಯ ಕೆಲಸಗಾರ ಕಾರಖಾನೆಯ ಗೇಟಿನ ಒಳಗಿರುತ್ತಾನೆ!

ಮರಾಠಿಯಲ್ಲಿ ಮಾತಾಡಲು ಹಿಂಜರಿಯುವವರು ಅಂಗಡಿಯಲ್ಲಿ ಒಮ್ಮೆ ‘ಇಲ್ಲ’ ಎನ್ನಿಸಿಕೊಂಡರೆ ಮತ್ತೆ ಆ ಕಡೆ ಹೋಗುವುದಿಲ್ಲ. ನಮ್ಮಲ್ಲಿ ಎರಡೂ ಭಾಷೆ ಬಲ್ಲವರಿಗೇನೂ ಕೊರತೆಯಿಲ್ಲ. ಮನೆಗೆಲಸಕ್ಕೆ ಬರುವ ಬಾಯಿಯನ್ನೋ, ಪಕ್ಕದ ಕಟ್ಟಡದ ವಾಚಮನ್‌ನನ್ನೋ ಊರಿನ ಚೀಟಿಯ ನಂಬರು ಇದೆಯೇ ಎಂದು ಕೇಳಿ, ಅವರೊಡನೆ ಒಮ್ಮೆ ರೇಷನ್ ಅಂಗಡಿಗೆ ಹೋಗಿ ಬನ್ನಿ. ಚೀಟಿಯ ನಂಬರು ಇಲ್ಲವೇ ಆಧಾರ್ ನಂಬರು ಸಾಕು. ಅಂಗಡಿಯವನು ಒಪ್ಪದಿದ್ದರೆ ಈ ಯೋಜನೆಯ ಸಹಾಯವಾಣಿ 14445.