ಸಂಗಾತಿಗೂ ಎಟಕುವ ಉಸಿರು

ಕತ್ರಿಗುಪ್ಪೆಯ ನಿಮ್ಮ ಮನೆಯ ಮಕ್ಕಳು ಸ್ಕೂಬಾ ಕಲಿತು, ಮುರುಡೇಶ್ವರದಿಂದ ದೋಣಿಯೇರಿ ನೇತ್ರಾಣಿಯ ಕಡಲಿಗೆ ಇಳಿಯಹೊರಟರೆ ಒಂದು ಮಾತು ಕೇಳಿರಿ: ಗಾಳಿ ತೀರಿದ ಸಂಗಾತಿಗೆ ನೀಡುವ ಕೊಳವೆ ಎಷ್ಟು ಉದ್ದ?

ಸಿಲಿಂಡರಿನಿಂದ ಬಾಯಿಗೆ ಗಾಳಿ ತರುವ ಕೊಳವೆ ಸಾಮಾನ್ಯವಾಗಿ ಮುಕ್ಕಾಲು ಮೀಟರು. ಇನ್ನೊಬ್ಬರಿಗೆ ಅದು ಸರಿಯಾಗಿ ಎಟಕದು. ಆದ್ದರಿಂದ ಸುಮಾರು 1 ಮೀಟರಿನ ಹಳದಿ ಕೊಳವೆಯೊಂದು ಜೊತೆಗಿರುತ್ತದೆ. ತೆರೆದ ಕಡಲಿನಲ್ಲಿ ಎದುರುಬದುರಾಗಿ, ತೋಳು ಹಿಡಿದು ಮೇಲೇರಲು ಅಷ್ಟು ಸಾಕು. ಪಕ್ಕಪಕ್ಕದಲ್ಲಿ ಈಜಬೇಕಾದರೆ 1.5 ಮೀಟರು ಅನುಕೂಲ. ನೀರೊಳಗಿನ ಗುಹೆಯ ಇಕ್ಕಟ್ಟಿನಲ್ಲಿ ಒಬ್ಬರ ಹಿಂದೊಬ್ಬರು ಹೊರಬರಬೇಕು, ಅಲ್ಲಿ 2.1 ಮೀಟರು, ಎಂದರೆ 7 ಅಡಿ ಬೇಕು. ಉದ್ದ ಹೆಚ್ಚಿದಷ್ಟೂ ಕ್ಷೇಮವೆನ್ನುವಂತಿಲ್ಲ. ಸಡಿಲವಾಗಿ ಜೋತಾಡಿದರೆ ಬಂಡೆಗೆ ಸಿಕ್ಕೀತು.

ಯಾವುದನ್ನೇ ಆರಿಸಲಿ, ಕೊಟ್ಟು ಪಡೆಯುವ ಅಭ್ಯಾಸ ಮೊದಲು ದಡದಲ್ಲಿ, ಅನಂತರ ಆಳವಿಲ್ಲದ ನೀರಿನಲ್ಲಿ ಆಗಲಿ. ಉಸಿರು ಕಟ್ಟಿದಾಗ ಅಳತೆ ನೋಡಲು ಪುರುಸೊತ್ತಿರದು.