ಇಂಗ್ಲಿಷ್ ಪಾಠದಲ್ಲಿ ಅಮ್ಮನಿಗೂ ಕೆಲಸವಿದೆ

ಗಣಿತ, ವಿಜ್ಞಾನದಲ್ಲಿ ಮುಂದಿರುವ ನಿಮ್ಮ ಮಗಳು ಇಂಗ್ಲಿಷ್ ಎಂದರೆ ಹೆದರುತ್ತಾಳೆಯೇ? ಗೈಡಿನ ಸಾರಾಂಶವನ್ನು ಬಾಯಿಪಾಠ ಮಾಡಿ, ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ತಬ್ಬಿಬ್ಬಾಗುತ್ತಾಳೆಯೇ? 'ನನಗೇ ಇಂಗ್ಲಿಷ್ ಬಾರದು, ಏನು ಹೇಳಿಕೊಡಲಿ?' ಎಂದು ಹಿಂದೆ ಸರಿಯಬೇಡಿ. ಈ ಒಂದು ವಿಷಯದ ಭಯಕ್ಕೇ ಹೆಣ್ಣುಮಗಳೊಬ್ಬಳ ಓದು ಹತ್ತನೇ ತರಗತಿಗೆ ನಿಂತುಬಿಡಬಹುದು.

ಬೇಗಂ ರೊಕೆಯಾ ಸಖಾವತ್ ಹುಸೈನ್ ಅವರನ್ನು ನೆನಪಿಸಿಕೊಳ್ಳಿ. 1880ರಲ್ಲಿ ಬಂಗಾಳದ ರಂಗಪುರದ ಬಳಿ ಹುಟ್ಟಿದ ಅವರಿಗೆ ಶಾಲೆಯ ಭಾಗ್ಯವಿರಲಿಲ್ಲ. ರಾತ್ರಿ ಮನೆಮಂದಿ ಮಲಗಿದ ಮೇಲೆ ಅಣ್ಣ ಗುಟ್ಟಾಗಿ ಇಂಗ್ಲಿಷ್ ಕಲಿಸಿದರು. ಮದುವೆಯ ಬಳಿಕ ಪತಿ ಪ್ರೋತ್ಸಾಹಿಸಿದರು. 1905ರಲ್ಲಿ ಮದ್ರಾಸಿನ ಪತ್ರಿಕೆಯೊಂದರಲ್ಲಿ ಅವರ ಇಂಗ್ಲಿಷ್ ಕಥೆ 'ಸುಲ್ತಾನಾಸ್ ಡ್ರೀಮ್' ಪ್ರಕಟವಾಯಿತು.

ಈ ಕಥೆಯನ್ನೇ ಉದಾಹರಣೆಯಾಗಿ ನೋಡೋಣ. ಸುಲ್ತಾನಾ ಕನಸಿನಲ್ಲಿ ಒಂದು ನಾಡಿಗೆ ಹೋಗುತ್ತಾಳೆ. ಅಲ್ಲಿ ಗಂಡಸರು ಮನೆಯೊಳಗೆ. ವಿಜ್ಞಾನ ಕಲಿತ ಹೆಂಗಸರು ಸೂರ್ಯನ ಶಾಖವನ್ನು ಬಳಸಿ ನಾಡು ನಡೆಸುತ್ತಾರೆ. ಮಗಳು ಮೊದಲು ಇದನ್ನು ಮನೆಮಾತಿನಲ್ಲಿ ನಿಮಗೆ ಹೇಳಲಿ, ಅದು ಬ್ಯಾರಿಯಾಗಲಿ, ಉರ್ದುವಾಗಲಿ. ಆಮೇಲೆ ನೀವು ಕೇಳಿ: ಹೋದವರು ಯಾರು? ಏನೇನು ನೋಡಿದರು? ಲೇಖಕಿ ಎಲ್ಲವನ್ನೂ ತಲೆಕೆಳಗು ಮಾಡಿದ್ದೇಕೆ? ಮೂರನೆಯ ಪ್ರಶ್ನೆಗೆ ಗೈಡಿನಲ್ಲಿ ಸಿದ್ಧ ಉತ್ತರ ಸಿಗಲಾರದು, ಮಗಳೇ ಯೋಚಿಸಬೇಕು. ಕಥೆ ಅರ್ಥವಾಗುವುದು ಅಲ್ಲಿಯೇ.

ವ್ಯಾಕರಣವೂ ಇದರೊಳಗೇ ಇದೆ. 'ಬಾಗಿಲು ತೆರೆದಳು' ಎಂದರೆ ತೆರೆದವಳು ಹೆಣ್ಣು ಎಂದು ಕನ್ನಡದಲ್ಲಿ ಕೊನೆಯ 'ಳು' ತಿಳಿಸುತ್ತದೆ. ಇಂಗ್ಲಿಷಿನ 'ಓಪನ್ಡ್' ಅದನ್ನು ಹೇಳುವುದಿಲ್ಲ. ಮಗಳು ಕನ್ನಡದ ಅಭ್ಯಾಸದಂತೆ 'ದ ಡೋರ್ ಓಪನ್ಡ್' ಎಂದು ಬರೆದರೆ ಬಾಗಿಲು ತಾನಾಗಿಯೇ ತೆರೆದುಕೊಂಡಿತು ಎಂದಾಗುತ್ತದೆ! 'ಶೀ ಓಪನ್ಡ್ ದ ಡೋರ್' ಎಂದೇ ಬರೆಯಬೇಕು. ಮೊದಲು ಮಾಡಿದವರು, ನಂತರ ಕೆಲಸ, ಆಮೇಲೆ ವಸ್ತು. ದಿನಕ್ಕೆ ಐದು ವಾಕ್ಯಗಳಲ್ಲಿ ಈ ಮೂರನ್ನು ಗುರುತಿಸಲು ಹೇಳಿ. 'ಯಾರು? ಏನು ಮಾಡಿದರು? ಏನನ್ನು?' ಎಂದು ಕೇಳಲು ನಿಮಗೆ ಇಂಗ್ಲಿಷ್ ಬೇಕಾಗಿಲ್ಲ.

ಪತಿಯ ನಿಧನದ ಬಳಿಕ ರೊಕೆಯಾ ಅವರು 1911ರಲ್ಲಿ ಕಲ್ಕತ್ತಾದಲ್ಲಿ ಎಂಟು ಹುಡುಗಿಯರೊಂದಿಗೆ ಶಾಲೆ ನಡೆಸತೊಡಗಿದರು. ಮಕ್ಕಳನ್ನು ಕಳುಹಿಸಿರೆಂದು ಮನೆಮನೆಗೆ ಹೋಗಿ ಕೇಳಿಕೊಂಡರು. ಸಹೋದರಿಯರೇ, 'ಓದು' ಎಂಬ ಆಜ್ಞೆಯೊಂದಿಗೆ ದಿವ್ಯವಾಣಿ ಆರಂಭವಾದ ಸಮುದಾಯ ನಮ್ಮದು. ಇಶಾ ನಮಾಝಿನ ಬಳಿಕ ಅರ್ಧ ತಾಸು ಟಿ.ವಿ., ಮೊಬೈಲ್ ಬದಿಗಿಟ್ಟು ಮಗಳ ಪಕ್ಕದಲ್ಲಿ ಕುಳಿತುಕೊಳ್ಳಿ.